ಶಿವವ್ವನ ತೂಕ

ಹುಬ್ಬಳ್ಳಿಯ ಪತ್ರಿಕೆಯೊಂದು ವರದಿಗಾರ್ತಿ ಸುಮಿತಾಳ ಸಿಟ್ಟನ್ನು ಆರು ವರ್ಷ ಕತ್ತರಿಸಿ, ಉಪ್ಪುಖಾರ ಇಳಿಸಿ, ಒಳಪುಟದ ಮೂಲೆಯಲ್ಲಿ ಬಡಿಸಿತ್ತು. ಸಾಕೆನಿಸಿ ಬಿಟ್ಟು ಬಂದಳು. ಈಗ ದಾಂಡೇಲಿಯ ಬಾಡಿಗೆ ಕೋಣೆಯಲ್ಲಿ ಕೂತು ವಾರಕ್ಕೊಂದು ಪತ್ರ ಬರೆಯುತ್ತಾಳೆ. ಪತ್ರದ ಹೆಸರು ‘ಕಾಳಿದಂಡೆ’. ಭಾನುವಾರ ಬೆಳಿಗ್ಗೆ ಅದು ಓದುಗರ ಫೋನಿಗೆ ಹೋಗುತ್ತದೆ. ಜಾಹೀರಾತಿಲ್ಲ, ಮಾಲೀಕನಿಲ್ಲ, ಓದುವವರೇ ತಿಂಗಳಿಗೆ ಅರವತ್ತು ರೂಪಾಯಿ ಕಳಿಸುತ್ತಾರೆ. ಇನ್ನೂರು ಮಂದಿ ಇದ್ದರೆ ಬಾಡಿಗೆ, ಅಕ್ಕಿ, ಚಹಾಪುಡಿ ನಡೆಯುತ್ತದೆ. ಅವಳಿಗೆ ಇನ್ನೂರಾ ಹದಿನಾಲ್ಕು ಮಂದಿ ಇದ್ದರು.

ಪತ್ರದ ನೆತ್ತಿಯ ಮೇಲೆ ದಪ್ಪಕ್ಷರದ ಒಂದು ಸಾಲು: ‘ದನಿಯಿಲ್ಲದವರ ದನಿ’. ಹಳಿಯಾಳದ ಓದುಗರ ಬಳಗದಲ್ಲಿ ಹತ್ತು ವರ್ಷ ಚಾಪೆಯ ಮೇಲೆ ಕೂತು ಜಗಳಾಡಿ ಬೆಳೆದವಳು ಅವಳು. ಅಲ್ಲಿ ಎಲ್ಲದಕ್ಕೂ ಜಗಳವಿತ್ತು, ಈ ಒಂದು ಸಾಲಿಗೆ ಮಾತ್ರ ಇರಲಿಲ್ಲ.

ಆಗಸ್ಟ್ ಮೊದಲ ವಾರ ನಲವತ್ತೊಂದು ಮಂದಿ ಒಮ್ಮೆಲೇ ಪತ್ರ ನಿಲ್ಲಿಸಿದರು. ಎಲ್ಲರೂ ಮುಂಡಗೋಡ ತಾಲ್ಲೂಕಿನ ಮಳಗಿಯ ಹೆಂಗಸರು. ಹೋದ ವರ್ಷ ಮುಂಡಗೋಡದ ಧರಣಿಯಲ್ಲಿ ಸುಮಿತಾಳ ಭಾಷಣ ಕೇಳಿ, ಗುರುಬಸವ್ವ ಎಂಬಾಕೆ ಇವರನ್ನೆಲ್ಲ ಸೇರಿಸಿದ್ದಳು. ಈಗ ಅದೇ ಗುರುಬಸವ್ವನಿಂದ ಒಂದೇ ಸಾಲು ಬಂದಿತ್ತು: ‘ನಮಗ ಪತ್ರ ಬ್ಯಾಡ್ರಿ.’

ಉಳಿದವರು ನೂರಾ ಎಪ್ಪತ್ತಮೂರು. ಸುಮಿತಾ ಬಾಡಿಗೆಯ ಬಗ್ಗೆ ಯೋಚಿಸುತ್ತಿರುವಾಗಲೇ ಲೋಕೇಶನ ಫೋನು ಬಂತು. ಅವಳ ಜೊತೆ ಶಾಲೆ ಕಲಿತವನು, ಈಗ ಕೋಗಿಲಬನದ ಹತ್ತಿರ ಹೊಳೆದಂಡೆಯ ರೆಸಾರ್ಟಿನ ಮ್ಯಾನೇಜರು.

“ತಿಂಗಳಾ ಇಪ್ಪತ್ತೆರಡು ಸಾವಿರ, ಎರಡು ಹೊತ್ತು ಊಟ. ‘ಕಾಡು ನಿಮ್ಮನ್ನು ಕರೆಯುತ್ತಿದೆ’ ಅಂತ ಬರಿಯೂದು, ಅಷ್ಟ ಕೆಲಸ.”

“ಕಾಡು ಕರದದ್ದು ನೀ ಕೇಳಿಯೇನೋ?”

“ನಾ ಯಾಕ ಕೇಳ್ಲಿ? ನನಗ ಸಂಬಳ ಬರ್ತೈತಿ. ಸೋಮವಾರದೊಳಗ ಹೇಳು. ಇಲ್ಲಂದ್ರ ಧಾರವಾಡದಿಂದ ಒಬ್ಬ ಕವಿ ಬರಾಕ ತಯಾರಾಗ್ಯಾನ.”

ಗುರುವಾರ ನಸುಕಿನಲ್ಲೇ ಸುಮಿತಾ ಮಳಗಿಗೆ ಹೊರಟಳು. ಯಲ್ಲಾಪುರದಲ್ಲಿ ಒಮ್ಮೆ, ಮುಂಡಗೋಡದಲ್ಲಿ ಒಮ್ಮೆ ಬಸ್ಸು ಬದಲಿಸಿದಳು. ದಾರಿಯುದ್ದಕ್ಕೂ, ಮಾಲೀಕನಿಲ್ಲದ ಬರವಣಿಗೆಯನ್ನು ಓದುಗರೇ ಯಾಕೆ ಉಳಿಸಬೇಕು ಎಂಬ ಭಾಷಣ ಸಿದ್ಧಮಾಡಿಕೊಂಡಳು. ಚೆನ್ನಾಗಿಯೇ ಇತ್ತು. ಕೊನೆಯಲ್ಲಿ ಕಣ್ಣಲ್ಲಿ ನೀರು ಬರುವ ಹಾಗಿತ್ತು.

ಮಳಗಿ ಮುಟ್ಟಿದಾಗ ಹನ್ನೊಂದು ಗಂಟೆ. ಹೆಂಗಸರೆಲ್ಲ ಶಂಕ್ರೆವ್ವನ ಬತ್ತದ ಗದ್ದೆಯಲ್ಲಿ ಸಾಲು ಹಿಡಿದು ಕಸ ತೆಗೆಯುತ್ತಿದ್ದರು. ಅಂದು ಶಂಕ್ರೆವ್ವನ ಮುಯ್ಯಿಯ ಪಾಳಿ. ಇವತ್ತು ನನ್ನ ಗದ್ದೆಗೆ ನೀನು ಬಂದರೆ ನಾಳೆ ನಿನ್ನ ಗದ್ದೆಗೆ ನಾನು. ಕೂಲಿ ಕೊಡುವುದಿಲ್ಲ, ತಿರುಗಿ ದುಡಿಯದೆ ಬಿಡುವುದಿಲ್ಲ.

“ಯಾರವ್ವಾ ನೀ? ಗಣತಿಯಾಕಿಯೇನ?” ಸಾಲಿನ ತುದಿಯ ಎತ್ತರದ ಹೆಂಗಸು ಕೇಳಿದಳು. ಅವಳೇ ಗುರುಬಸವ್ವ; ಧರಣಿಯಲ್ಲಿ ಮೈಕಿನ ದನಿ ಕೇಳಿದ್ದಳು, ಮುಖ ಕಂಡಿರಲಿಲ್ಲ.

“ನಾನ್ರೀ, ಸುಮಿತಾ. ಪತ್ರ ಬರಿಯಾಕಿ.”

ಸಾಲಿಗೆ ಸಾಲೇ ಎದ್ದು ನಿಂತಿತು.

“ಅಯ್ಯ, ಪತ್ರದಾಕಿ ಬಂದಾಳ!”

“ಇಷ್ಟು ಸಣ್ಣಾಕಿ ಅದಾಳೇನ? ಬರಿಯೂದು ಕೇಳಿದ್ರ ಮೀಸಿ ಇರಬೇಕು ಅನ್ಕೊಂಡಿದ್ನಿ!”

ಸುಮಿತಾ ಭಾಷಣಕ್ಕೆಂದು ಗಂಟಲು ಸರಿಪಡಿಸಿಕೊಂಡಳು. ಗುರುಬಸವ್ವ ಅವಳ ಕೈಗೆ ಕಸ ಕೀಳುವ ಒಂದು ಕುರ್ಪಿ ಇಟ್ಟಳು. “ಮಾತು ಉಣ್ಣೂ ಹೊತ್ತಿಗೆ. ಈಗ ಸಾಲು ಹಿಡಿ.”

ಅವಳ ಪಕ್ಕದ ಸಾಲು ಶಿವವ್ವನದು. ಐವತ್ತರ ಹೆಂಗಸು, ಗಟ್ಟಿ ಮೈ, ಅದಕ್ಕೂ ಗಟ್ಟಿ ಗಂಟಲು. ಅರ್ಧ ತಾಸಾದ ಮೇಲೆ ಅವಳು ಸುಮಿತಾ ಕಿತ್ತು ಹಾಕಿದ ಹಸಿರನ್ನು ಮುಷ್ಟಿಯಲ್ಲಿ ಎತ್ತಿದಳು.

“ಇದೇನವ್ವಾ?”

“ಕಸ.”

“ಇದು ಬತ್ತ. ಕಸ ಅಲ್ಲೇ ನಿಂತೈತಿ ನೋಡು, ನಿನ್ನ ನೋಡಿ ನಗಾಕತ್ತೈತಿ.”

ಗದ್ದೆ ತುಂಬ ನಗೆ ಹರಿಯಿತು. ಶಂಕ್ರೆವ್ವ ಮಾತ್ರ ನಗಲಿಲ್ಲ, ಬತ್ತ ಅವಳದು.

ಊಟದ ಹೊತ್ತಿಗೆ ಎಲ್ಲರೂ ಬದುವಿನ ಮರದಡಿ ಬುತ್ತಿ ಬಿಚ್ಚಿದರು. ಸುಮಿತಾಳ ಅಂಗೈಗೂ ಎರಡು ರೊಟ್ಟಿ, ಹೆಸರುಕಾಳಿನ ಪಲ್ಯ ಬಂತು. ಪತ್ರ ಓದುವುದು ಇಲ್ಲಿಯೇ, ಹೀಗೆಯೇ ಎಂದು ಅವಳಿಗೆ ಅಂದು ತಿಳಿಯಿತು: ಗುರುಬಸವ್ವನ ಸೊಸೆ ಜ್ಯೋತಿ ಗಟ್ಟಿಯಾಗಿ ಓದುತ್ತಾಳೆ, ಉಳಿದವರು ಉಣ್ಣುತ್ತ ಕೇಳುತ್ತಾರೆ.

“ಜ್ಯೋತಿ, ಆ ಪತ್ರ ತಗೀ. ಬರದಾಕಿನೂ ಕೇಳಲಿ.”

ಜ್ಯೋತಿ ಫೋನು ತೆಗೆದು ಓದಿದಳು: “‘ಚೀಲಕ್ಕೆ ನಾಲ್ಕು ಕಿಲೋ ನುಂಗುವ ವ್ಯಾಪಾರಿಯ ತೂಕದ ಕಾಟಾದ ಮುಂದೆ ಮಳಗಿಯ ಬಾಯಿಲ್ಲದ ಹೆಣ್ಣುಮಕ್ಕಳು ತಲೆತಗ್ಗಿಸಿ ನಿಂತಿದ್ದರು. ಅವರ ಮೂಕ ಕಣ್ಣೀರು ಗೋವಿನಜೋಳದ ಚೀಲಗಳನ್ನು ತೋಯಿಸಿತು.’”

“ಯಾರವ್ವಾ ಅತ್ತಾಕಿ? ಶಂಕ್ರೆವ್ವಾ, ನೀ ಅತ್ತಿಯೇನ?”

“ನಾ ನನ್ನ ಲಗ್ನದಾಗ ಸೈತ ಅತ್ತಿಲ್ಲ.”

“ಅತ್ತಿದ್ರ ಚಲೋ ಇತ್ತಲ್ಲ! ಚೀಲ ತೊಯ್ದು ತೂಕಾದ್ರೂ ಹೆಚ್ಚು ಬರ್ತಿತ್ತು.”

ಆ ಸಾಲುಗಳನ್ನು ಬರೆದಾಗ ಸುಮಿತಾಳ ಕಣ್ಣು ಒದ್ದೆಯಾಗಿತ್ತು.

“ಆದದ್ದು ಏನು, ನಾ ಹೇಳ್ತೇನಿ ಕೇಳು,” ಎಂದು ಶಿವವ್ವ ಮುಂದೆ ಸರಿದು ಕೂತಳು. “ಬಿತ್ತಿಗಿ ಮುಂದ ಗೋವಿನಜೋಳ ಮಾರಾಕ ಹೋಗಿದ್ವಿ. ತೂಕ ಕಡಿಮಿ ಬರಾಕತ್ತಿತ್ತು. ಅಂವಾ ಕಾಟಾ ಸರಿ ಐತಿ ಅಂದ. ನಾ ಚೀಲ ಇಳಿಸಿ ನಾನ ಹತ್ತಿ ನಿಂತ್ನಿ. ಐವತ್ತೆಂಟು ತೋರ್ಸಿತು. ಹಿಂದಿನ ದಿನ ದವಾಖಾನ್ಯಾಗ ಅರವತ್ತೆರಡು ಇದ್ದೆ, ಚೀಟಿ ಸೆರಗಿನ್ಯಾಗ ಇತ್ತು. ‘ಏನಪಾ, ಒಂದು ರಾತ್ರ್ಯಾಗ ನನ್ನ ನಾಲ್ಕು ಕಿಲೋ ಮಾಂಸ ಎಲ್ಲಿ ಹೋತು? ನೀ ತಿಂದಿಯೇನು?’ ಅಂದೆ. ಸಂತಿ ಮಂದಿ ಎಲ್ಲಾ ಕೂಡಿತು. ಸಂಜಿಕ ಹೊಸ ಕಾಟಾ ತಂದ, ಹಿಂದಿನ ಚೀಲದ ರೊಕ್ಕಾನೂ ಕೊಟ್ಟ.”

“ಇದು ನನಗ ಗೊತ್ತ ಇರ್ಲಿಲ್ರಿ.”

“ಯಾರನ್ನ ಕೇಳಿದ್ದಿ?”

“ಚಹಾದಂಗಡಿ ನಾಗಲಿಂಗಪ್ಪನ್ನ. ಫೋನಿನ್ಯಾಗ.”

“ಅಂವಾ ಅವತ್ತು ಊರಾಗ ಇರ್ಲೇ ಇಲ್ಲ! ಮಗಗ ಹೆಣ್ಣು ನೋಡಾಕ ಹಾನಗಲ್ಲಿಗೆ ಹೋಗಿದ್ದ.” ಶಿವವ್ವ ಕೈ ಝಾಡಿಸಿದಳು. “ಬೇಕಾದ್ದು ಕಿತ್ತಿ, ಕಸ ಬಿಟ್ಟಿ. ಗದ್ದ್ಯಾಗ ಹೆಂಗೋ ಪತ್ರದಾಗೂ ಹಂಗ.”

ಬಸ್ಸಿನ ಭಾಷಣದಲ್ಲಿ ಈಗ ಉಪಯೋಗಕ್ಕೆ ಬರುವ ಒಂದು ವಾಕ್ಯವೂ ಇರಲಿಲ್ಲ. ಸುಮಿತಾ ಇದ್ದದ್ದನ್ನೇ ಹೇಳಿದಳು: “ನೀವು ಬಿಟ್ರ ಪತ್ರ ನಿಲ್ತೈತ್ರಿ. ನಾ ಸೋಮವಾರದಿಂದ ರೆಸಾರ್ಟಿಗೆ ಹೋಗಬೇಕಾಗ್ತೈತಿ.”

“ಹೆದರಸಬ್ಯಾಡ,” ಎಂದಳು ಗುರುಬಸವ್ವ. “ಒಬ್ಬಾಕಿ ರೊಕ್ಕ ಕೊಟ್ಟು ನಲವತ್ತು ಮಂದಿ ಕೇಳಬಹುದಿತ್ತು, ಓದಾಕಿ ಒಬ್ಬಾಕೀನ. ಕೇಳಿದಾರೆಲ್ಲಾ ಕೊಡಬೇಕು ಅಂದಾಕಿ ನಾನ. ಯಾಕ? ಮುಯ್ಯಿ. ನೀ ಬರದಿ, ನಾವು ಕೊಟ್ವಿ. ಆದ್ರ ನಮ್ಮ ಬಾಯಾಗಿನ ಮಾತು ಒಯ್ದು, ನಮಗ ಬಾಯಿ ಇಲ್ಲ ಅಂತ ಬರದ್ರ, ಅದು ಯಾವ ಊರ ಮುಯ್ಯಿ?”

“ತಪ್ಪಾತ್ರಿ. ಇವತ್ತು ದುಡದು ತೀರಸ್ತೇನಿ.”

“ಹನ್ನೊಂದಕ್ಕ ಬಂದಿ, ಅರ್ಧಾ ದಿನ. ಅದರಾಗ ಕಿತ್ತ ಬತ್ತ ಕಳಿ. ಪತ್ರ ಬರಿ ಹೋಗು. ಜ್ಯೋತಿ ಓದ್ತಾಳ, ಕೇಳಿ ಹೇಳ್ತೇವಿ.”

ದಾಂಡೇಲಿಗೆ ಮರಳಿದ ಸುಮಿತಾ ಬೊಬ್ಬೆ ಬಂದ ಅಂಗೈಯಲ್ಲಿ ಶನಿವಾರವಿಡೀ ಬರೆದಳು. ಮೊದಲು ನೆತ್ತಿಯ ಮೇಲಿನ ದಪ್ಪಕ್ಷರದ ಸಾಲನ್ನು ಅಳಿಸಿದಳು. ಆ ಜಾಗ ಬೋಳಾಗಿ ಕಂಡಿತು, ಬೋಳಾಗಿಯೇ ಬಿಟ್ಟಳು. ‘ಹೋದ ವಾರ ನಾನು ಬರೆದದ್ದು ಸುಳ್ಳು. ಮಳಗಿಯಲ್ಲಿ ಯಾರೂ ಅಳಲಿಲ್ಲ’ ಎಂದು ಶುರುಮಾಡಿ, ಶಿವವ್ವ ಕಾಟಾ ಹತ್ತಿದ್ದನ್ನು ಶಿವವ್ವನ ಮಾತಿನಲ್ಲೇ ಇಳಿಸಿದಳು. ಒಂದೇ ಕಡೆ ಕೈ ತಡೆಯಿತು. ಹೆಣ್ಣುಮಗಳ ತೂಕ, ಊರ ಮಂದಿಯೆಲ್ಲ ಓದುತ್ತಾರೆ. ಮರ್ಯಾದೆಗೆಂದು ಅರವತ್ತೆರಡನ್ನು ಅರವತ್ತು ಮಾಡಿದಳು, ಐವತ್ತೆಂಟನ್ನು ಐವತ್ತಾರು.

ಭಾನುವಾರ ಏಳಕ್ಕೆ ಪತ್ರ ಹೋಯಿತು, ಜ್ಯೋತಿಯ ಫೋನಿಗೂ. ಎಂಟಾಯಿತು, ಹತ್ತಾಯಿತು. ಮಳಗಿಯಿಂದ ಸದ್ದಿಲ್ಲ. ಹನ್ನೆರಡಕ್ಕೆ ಫೋನು ಗುಣುಗಿತು. ಲೋಕೇಶ: ‘ನಾಳೆ ಸೋಮವಾರ.’ ಸುಮಿತಾ ಫೋನನ್ನು ಅಕ್ಕಿಡಬ್ಬಿಯ ಮೇಲೆ ಬೋರಲು ಇಟ್ಟಳು. ಡಬ್ಬಿ ತಟ್ಟಿ ನೋಡಿದಳು. ಅದೂ ರೆಸಾರ್ಟಿನ ಪರವಾಗಿಯೇ ಮಾತಾಡಿತು.

ಒಂದೂವರೆಗೆ, ಅಂದರೆ ಬುತ್ತಿ ಬಿಚ್ಚುವ ಹೊತ್ತು ಕಳೆದ ಮೇಲೆ, ಕರೆ ಬಂತು.

“ಏ ಪತ್ರದಾಕಿ, ನಾ ಶಿವವ್ವ.”

“ಹೇಳ್ರಿ ಅಕ್ಕಾರ. ಕೇಳಿದ್ರೇನ್ರಿ?”

“ಕೇಳಿದ್ವಿ. ಅರವತ್ತು ಅಂತ ಬರದಿಯಲ್ಲ?”

“ಅದು... ಹೆಣ್ಣುಮಕ್ಕಳ ತೂಕ... ನಾಕು ಮಂದಿ ಓದ್ತಾರಂತ...”

“ಓದಲಿ. ಕೂಳು ಉಂಡು ಬೆಳೆಸಿದ ಮೈ, ಕಳುವು ಮಾಡಿದ್ದಲ್ಲ. ಅಂವಾ ನನ್ನ ನಾಲ್ಕು ಕಿಲೋ ಹೊಡದ, ನೀ ಎರಡು ಹೊಡದಿ. ನಿನ್ನ ಕಾಟಾ ಅವನಕಿಂತ ಚಲೋ ಐತಿ, ಅಷ್ಟ.”

ಆ ಕಡೆ ನಲವತ್ತು ಬಾಯಿಗಳು ಒಮ್ಮೆಲೇ ನಕ್ಕದ್ದು ಫೋನಿನಲ್ಲಿ ಹಿಡಿಸಲಿಲ್ಲ, ಒಡೆದು ಬಂತು.

“ತಿದ್ದತೇನ್ರಿ ಅಕ್ಕಾರ. ಮುಂದಿನ ವಾರ ಹಾಕ್ತೇನಿ.”

“ಹಾಕು. ಇಲ್ಲಿ ಎಲ್ಲಾರೂ ರೊಕ್ಕ ಕಳಸಾಕತ್ತಾರ. ನಾ ಮಾತ್ರ ಕಳಸಂಗಿಲ್ಲ, ನನ್ನ ಎರಡು ಕಿಲೋ ತಿರುಗಿ ಬರೂತನ. ಮತ್ತ ಮಂಗಳವಾರ ನನ್ನ ಗದ್ದಿ ಪಾಳಿ, ನಿನ್ನ ಅರ್ಧಾ ದಿನ ಬಾಕಿ ಐತಿ ಅಂತಾಳ ಗುರುಬಸವ್ವಕ್ಕ.”

ಕರೆ ನಿಂತದ್ದೇ ಫೋನು ಟಿಣ್ ಎಂದಿತು. ಸಂಜೆಯ ತನಕ ನಲವತ್ತು ಸಲ ಅಂದಿತು, ನಲವತ್ತೊಂದನೆಯದು ಬರಲಿಲ್ಲ.

ಸುಮಿತಾ ಲೋಕೇಶನಿಗೆ, ‘ಧಾರವಾಡದ ಕವಿಗೆ ನನ್ನ ನಮಸ್ಕಾರ ಹೇಳು’ ಎಂದು ಕಳಿಸಿದಳು. ಆಮೇಲೆ ಹೊಸ ಹಾಳೆ ತೆರೆದು, ನೆತ್ತಿಯ ಬೋಳು ಜಾಗದಲ್ಲಿ, ದಪ್ಪಕ್ಷರದಲ್ಲಿ ಬರೆದಳು: ‘ಶಿವವ್ವನ ತೂಕ ಅರವತ್ತೆರಡು ಕಿಲೋ.’