ತುತ್ತೂರಿಯ ಬಾಯಿ

ತುತ್ತೂರಿ ಮೇಷ್ಟ್ರಿಗೆ ಆ ಹೊಸ ಜ್ವರ ಬಂದು ಹೋಗಿ ತಿಂಗಳಾಗಿತ್ತು. ಬಂದದ್ದೂ ಹಗುರವಾಗಿ, ಹೋದದ್ದೂ ಹಗುರವಾಗಿ. ನೆಂಟರ ಹಾಗೆ ಕಾಡಲಿಲ್ಲ. ಆದರೂ ಅವರ ಹೆಂಡತಿ ತುತ್ತೂರಿಯ ಬಾಯಿಯನ್ನು, ಅಂದರೆ ತುಟಿಗಿಟ್ಟು ಊದುವ ಹಿತ್ತಾಳೆಯ ಪುಟ್ಟ ತುಂಡನ್ನು, ಬಿಚ್ಚಿ ತಮ್ಮ ಹೊಲಿಗೆ ಯಂತ್ರದ ಡ್ರಾಯರಿನಲ್ಲಿ ಗುಂಡಿಗಳ ಕೆಳಗೆ ಬಚ್ಚಿಟ್ಟಿದ್ದರು.

ಕಾರಣವಿತ್ತು. ಮೇಷ್ಟ್ರ ಬ್ಯಾಂಡಿನ ಕ್ಲಾರಿನೆಟ್‌ನವರಿಗೂ ಹೀಗೇ ಹಗುರವಾಗಿ ಬಂದು ಹೋಗಿತ್ತು. ಈಗ ಅವರು ಮೆಟ್ಟಿಲ ನಡುವೆ ಕೂತು, ಚಪ್ಪಲಿ ಸರಿಮಾಡಿಕೊಳ್ಳುವವರ ಹಾಗೆ ನಟಿಸುತ್ತ ಉಸಿರು ಹುಡುಕಿಕೊಳ್ಳುತ್ತಾರೆ. ಡಾಕ್ಟರಾಗಿರುವ ಮಗಳು ಫೋನಿನಲ್ಲಿ, ಈ ಕಾಯಿಲೆ ವರ್ಷ ಕಳೆದ ಮೇಲೆ ಏನು ಮಾಡುತ್ತದೋ ಯಾರಿಗೂ ಸರಿಯಾಗಿ ಗೊತ್ತಿಲ್ಲ, ಅಪ್ಪ ಸ್ವಲ್ಪ ಸುಧಾರಿಸಿಕೊಳ್ಳಲಿ ಅಂದಿದ್ದಳು. ಆ ‘ಸ್ವಲ್ಪ’ವನ್ನು ತಾಯಿ, ಬೆಳೆಯುವ ಮಕ್ಕಳ ಅಂಗಿಗೆ ಹೊಲಿಗೆಯೊಳಗೆ ಹೆಚ್ಚು ಬಟ್ಟೆ ಬಿಡುವ ಹಾಗೆ, ಧಾರಾಳವಾಗಿ ಬಿಟ್ಟುಕೊಂಡಿದ್ದರು.

ಆದರೆ ಬೀದಿಗೆ ಬೀಗ, ಬ್ಯಾಂಡಿಗೆ ಬೀಗ, ಈಗ ಬಾಯಿಗೂ ಬೀಗ. ಮೇಷ್ಟ್ರು ಗಡ್ಡ ಬೋಳಿಸುವುದನ್ನು ಬಿಟ್ಟರು. ಅಪಸ್ವರ ಹಾಡುತ್ತದೆಂದು ಫ್ಯಾನಿನ ಜೊತೆ ಜಗಳಕ್ಕಿಳಿದರು. ಚಮಚಗಳನ್ನು ಲೋಟಕ್ಕೆ ತಟ್ಟಿ ನೋಡಿ ಶ್ರುತಿಯ ಪ್ರಕಾರ ಜೋಡಿಸಿದರು. ಅಡಿಗೆಗೆ ಬೇಕಾದ ಚಮಚ ಬೇಕಾದಾಗ ಸಿಗದಾಯಿತು. ಆಮೇಲೆ ಅದೂ ಬೇಸರವಾಗಿ ಗೋಡೆ ನೋಡುತ್ತ ಕೂತರು. ಹೆಂಡತಿಗೆ ನಿಜವಾಗಿ ಹೆದರಿಕೆಯಾದದ್ದು ಆಗ. ಅತ್ತ ದರಿ, ಇತ್ತ ಪುಲಿ. ಊದಿದರೆ ಶ್ವಾಸಕೋಶ ಹೋದೀತು. ಊದದಿದ್ದರೆ ಮನುಷ್ಯನೇ ಹೋದಾನು, ಕೂತ ಕುರ್ಚಿಯಲ್ಲೇ.

ಹೀಗಿರುವಾಗ ಒಂದು ದಿನ ಮೇಷ್ಟ್ರು ಇದ್ದಕ್ಕಿದ್ದಂತೆ ಗಡ್ಡ ಬೋಳಿಸಿಕೊಂಡರು. ಮಧ್ಯಾಹ್ನ ಹೊಲಿಗೆ ಯಂತ್ರ ಗರಗರ ಅನ್ನತೊಡಗಿದರೆ ಸಾಕು, ಗಿಡಕ್ಕೆ ನೀರು ಹಾಕುತ್ತೇನೆಂದು ಹಿಂದಿನ ಬಾಲ್ಕನಿಗೆ ಹೋಗಿ ಬಾಗಿಲೆಳೆದುಕೊಳ್ಳುತ್ತಿದ್ದರು. ಇದ್ದದ್ದು ಒಂದೇ ಗಿಡ. ಗಂಡ ಗೆಲುವಾಗಿದ್ದಾರಲ್ಲ ಎಂದು ಹೆಂಡತಿ ಕೆದಕಲಿಲ್ಲ.

ಒಂದು ಮಧ್ಯಾಹ್ನ ಕರೆಗಂಟೆ ಸದ್ದಾಯಿತು. ಬಾಗಿಲಲ್ಲಿ ತಲೆಯಿಂದ ಕಾಲಿನವರೆಗೆ ಬಿಳಿ ಉಡುಪು ತೊಟ್ಟ ನರ್ಸ್. ಹಿಂದೆ ಮೆಟ್ಟಿಲ ಮೇಲೆ ಕೋಲೂರಿಕೊಂಡು ಮೇಲಿನ ಮಹಡಿಯ ವಕೀಲರು. ಮೇಷ್ಟ್ರು ತುತ್ತೂರಿ ಎತ್ತಿದಾಗಲೆಲ್ಲ ವರ್ಷಗಟ್ಟಲೆ ಮೇಲಿನಿಂದ ನೆಲ ಕುಟ್ಟಿದ ಕೋಲು ಅದೇ.

"ಕೆಲವು ದಿನದಿಂದ ಶಬ್ದ ಕೇಳ್ತಿದೀನಮ್ಮ," ಅಂದರು ವಕೀಲರು, ದನಿ ತಗ್ಗಿಸಿ. "ಎಮ್ಮೆ ಕೆಸರಲ್ಲಿ ಸಿಕ್ಕಿಕೊಂಡ ಹಾಗೆ. ಮೇಷ್ಟ್ರಿಗೆ ಉಸಿರು ಕಟ್ಟಿದೆ ಅಂತ ನಾನೇ ಆಸ್ಪತ್ರೆಗೆ ಫೋನ್ ಮಾಡಿದೆ."

ಅಷ್ಟರಲ್ಲಿ ಬಾಲ್ಕನಿಯಿಂದ ಆ ಎಮ್ಮೆ ಕೂಗಿತು. ಎಲ್ಲರೂ ಓಡಿದರು. ಗಿಡಕ್ಕೆ ನೀರು ಬಿಡುವ ಪೈಪಿನ ಒಂದು ತುದಿ ಮೇಷ್ಟ್ರ ತುಟಿಯಲ್ಲಿತ್ತು. ಇನ್ನೊಂದು ತುದಿಗೆ ಅಡಿಗೆಮನೆಯಿಂದ ಕಾಣೆಯಾಗಿದ್ದ ಎಣ್ಣೆಯ ಆಲಿಕೆ. ಕಣ್ಣು ಮುಚ್ಚಿ, ತನ್ಮಯರಾಗಿ ಊದುತ್ತಿದ್ದರು.

ನರ್ಸ್ ಅವರ ಬೆರಳಿಗೆ ಕ್ಲಿಪ್ ಹಾಕಿ ನೋಡಿದಳು. ಈ ಉಡುಪಿನೊಳಗೆ ಬೇಯುತ್ತಿರುವ ತನಗಿಂತ ಇವರ ಉಸಿರೇ ವಾಸಿ ಅಂದಳು. ಹೆಂಡತಿ ಮೆಲ್ಲಗೆ, ಹಾಗಾದರೆ ಊದಬಹುದೇ ಎಂದು ಕೇಳಿದರು.

"ಮುಂದಿನದ್ದು ನನಗೂ ಗೊತ್ತಿಲ್ಲಮ್ಮ. ಕೂತ್ಕೊಂಡು ಸ್ವಲ್ಪ ಸ್ವಲ್ಪ ಊದಲಿ, ಸುಸ್ತಾದ್ರೆ ನಿಲ್ಲಿಸಲಿ. ಆದ್ರೆ ಆ ಪೈಪ್ ಬೇಡ. ಒಳಗೆ ಪಾಚಿ ಇದೆ."

ಅವರೆಲ್ಲ ಹೋದ ಮೇಲೆ ಹೆಂಡತಿ ಡ್ರಾಯರಿನಿಂದ ಹಿತ್ತಾಳೆಯ ತುಂಡನ್ನು ತೆಗೆದು, ಬಿಸಿನೀರಿನಲ್ಲಿ ತೊಳೆದು, ಗಂಡನ ಕೈಗಿಟ್ಟರು.

"ಒಂದೇ ಹಾಡು. ನನ್ನ ಕೈ ಬೆನ್ನ ಮೇಲಿರುತ್ತೆ. ತಟ್ಟಿದ್ರೆ ನಿಲ್ಲಿಸ್ಬೇಕು."

ಮೊದಲ ಸ್ವರ ಒಡೆಯಿತು. ಎರಡನೆಯದು ನಿಂತಿತು. ಅಂಗೈಯ ಕೆಳಗೆ ಉಸಿರು ಏರಿ ಇಳಿಯುವುದನ್ನು ಹೆಂಡತಿ ಹೊಲಿಗೆಯ ಬಿಗಿ ನೋಡುವಂತೆ ನೋಡುತ್ತಿದ್ದರು. ಹಾಡು ಅರ್ಧ ದಾಟುವಾಗ ಎಲ್ಲೋ ಒಂದು ಎಳೆ ಸಡಿಲಿದಂತಾಯಿತು. ತಟ್ಟಿದರು. ಮೇಷ್ಟ್ರು ತಕ್ಷಣ ನಿಲ್ಲಿಸಿದರು.

ಮೇಲೆ ಕೋಲು ನೆಲ ಕುಟ್ಟಿತು. ಹೆಂಡತಿ ಕಿಟಕಿಯಿಂದ ತಲೆ ಹಾಕಿ, ತಪ್ಪಾಯಿತು, ನಿಲ್ಲಿಸಿದ್ದಾರೆ ಅಂದರು.

"ಅದಕ್ಕೇ ಕುಟ್ಟಿದ್ದು," ಅಂದರು ವಕೀಲರು ಮೇಲಿನ ಕಿಟಕಿಯಿಂದ. "ಈ ಹಾಡು ಮುಂದೆ ಹೇಗೆ ಹೋಗುತ್ತೆ ಅಂತ ಇವತ್ತಿಗೂ ನನಗೆ ಗೊತ್ತಿಲ್ಲ. ಪ್ರತಿ ಸಲ ನಾನೇ ತಡೆದುಬಿಡ್ತಿದ್ದೆ."

"ಉಳಿದದ್ದು ನಾಳೆ, ವಕೀಲರೇ," ಅಂದರು ಹೆಂಡತಿ. "ವಾಯಿದೆ ಹಾಕಿದೀನಿ."

ಜೀವನವಿಡೀ ಬೇರೆಯವರ ಕೇಸಿಗೆ ವಾಯಿದೆ ಕೇಳಿದ್ದವರು, ತಮಗೇ ಸಿಕ್ಕ ವಾಯಿದೆ ಹೊತ್ತು ಕಿಟಕಿ ಮುಚ್ಚಿಕೊಂಡರು.

ಮರುದಿನ ಮೇಷ್ಟ್ರು ತುತ್ತೂರಿ ಒರೆಸುತ್ತಿರುವಾಗಲೇ, ಮೇಲೆ ಯಾರೋ ಕುರ್ಚಿಯನ್ನು ಕಿಟಕಿಯ ಹತ್ತಿರಕ್ಕೆ ಎಳೆದ ಸದ್ದಾಯಿತು. ಹೆಂಡತಿ ಹೊಲಿಗೆ ನಿಲ್ಲಿಸಿ, ಅಂಗೈಯನ್ನು ಸೀರೆಗೆ ಒರೆಸಿಕೊಂಡು ಎದ್ದರು.