ಏಳನೆಯ ಮಂಚದ ತರ್ಜುಮೆ

ಗಿರಿಜಾಬಾಯಿಯ ಕಾಲಿನ ಧೂಳು ಒರೆಸಿ, ಕೊರಳತನಕ ಬಿಳಿ ಚಾದರ ಎಳೆದ ಮೇಲೆ ಏಳನೆಯ ಮಂಚವೂ ತುಂಬಿದಂತಾಯಿತು. ಇನ್ನು ಐದು ಉಳಿದವು.

"ಎದಿ ಒತ್ತಿ ಹಿಡದಂಗ ಆಗಾಕತ್ತೈತೋ ಮಚ್ಚ್ಯಾ."

"ಸಾಹೇಬರ ಮುಂದ ಹಾಂಗೇ ಹೇಳು, ಅತ್ಯಾ."

"ಖರೇನೇ ಆಗಾಕತ್ತೈತಿ."

ಮಚ್ಚೇಂದ್ರ ಎಂಟನೆಯ ಮಂಚದ ಚಾದರ ಬಿಡಿಸತೊಡಗಿದ. ಊರಿನ ಹನ್ನೆರಡು ಹೆಂಗಸರನ್ನು ಜೀಪಿನಲ್ಲಿ ತುಂಬಿಕೊಂಡು ಬರುವಾಗ ಒಬ್ಬೊಬ್ಬರಿಗೆ ಒಂದೊಂದು ಬೇನೆ ಹಂಚಿದವನು ಅವನೇ. ಸೋದರತ್ತೆ ಗಿರಿಜಾಬಾಯಿಗೆ ಮೊಣಕಾಲು ಕೊಟ್ಟಿದ್ದ. ಎದೆ ಅವನ ಪಟ್ಟಿಯಲ್ಲಿರಲಿಲ್ಲ.

ಹುಮನಾಬಾದಿನ ಹೆದ್ದಾರಿಯ ಬದಿಯ ಈ ಆಸ್ಪತ್ರೆಗೆ ಸಿಂಗಾಪುರದ ಕಂಪನಿಯೊಂದು ಬಂಡವಾಳ ಹೂಡಿತ್ತು. ಹಿಂದುಳಿದ ಸೀಮೆಯ ಕಡೆಯ ಮನುಷ್ಯನಿಗೂ ಚಿಕಿತ್ಸೆ ಎಟುಕಬೇಕೆಂಬುದು ಅದರ ಧ್ಯೇಯ. ಮಂಚಗಳಿದ್ದವು, ಯಂತ್ರಗಳಿದ್ದವು. ಡಾಕ್ಟರು ಮಾತ್ರ ಗುರುವಾರಕ್ಕೊಮ್ಮೆ ಹೈದರಾಬಾದಿನಿಂದ ಬರುತ್ತಿದ್ದರು. ಇವತ್ತು ಸೋಮವಾರ. ಬಸವಕಲ್ಯಾಣದಲ್ಲಿ ಇನ್ನೊಂದು ಶಾಖೆ ತೆರೆಯಬಹುದೇ ಎಂದು ತೀರ್ಮಾನಿಸಲು ಕಂಪನಿಯವರು ಬರುವವರಿದ್ದರು. ಬಡವರ ಆರೋಗ್ಯದ ಮೇಲೆ ಪ್ರಬಂಧ ಬರೆದು ಚಿನ್ನದ ಪದಕ ಪಡೆದಿದ್ದ ಮಚ್ಚೇಂದ್ರ ಇಲ್ಲಿ ಜನಸಂಪರ್ಕಾಧಿಕಾರಿ. ಜನ ತಾವಾಗಿ ಬಾರದಿದ್ದರೆ ಕರೆತರುವುದು ಅವನ ಕೆಲಸ.

ಹನ್ನೊಂದಕ್ಕೆ ಕಂಪನಿಯ ಮೇಡಂ ಬಂದರು. ಜೊತೆಗೆ ಆಸ್ಪತ್ರೆಯ ವ್ಯವಸ್ಥಾಪಕ ಅನೀಲಕುಮಾರ. ಬಿ.ಕಾಂ. ಓದಿದ್ದ ಅವನು ಇವತ್ತಿನ ಮಟ್ಟಿಗೆ ಬಿಳಿ ಕೋಟು ತೊಟ್ಟಿದ್ದ. ಮೇಡಂ ಏಳನೆಯ ಮಂಚದ ಬಳಿ ನಿಂತರು. ಈ ಆಸ್ಪತ್ರೆ ಬರುವ ಮೊದಲು ಈಕೆ ಎಲ್ಲಿಗೆ ಹೋಗುತ್ತಿದ್ದಳು ಎಂದು ಇಂಗ್ಲಿಷಿನಲ್ಲಿ ಕೇಳಿದರು. ಮಚ್ಚೇಂದ್ರ ಕನ್ನಡಕ್ಕೆ ತಿರುಗಿಸಿದ.

"ಹುಲಸೂರಾಗ ಸರ್ಕಾರಿ ದವಾಖಾನಿ ಐತೆಲ್ಲ," ಎಂದಳು ಗಿರಿಜಾಬಾಯಿ. "ಇವತ್ತ ಅಲ್ಲಿಗೇ ಹೊಂಟಿದ್ದೆ. ನೀನೇ ಇಲ್ಲಿ ಕರಕೊಂಡು ಬಂದಿ."

"ಮೊದಲು ಹೋಗಲು ಜಾಗವೇ ಇರಲಿಲ್ಲವಂತೆ," ಎಂದ ಮಚ್ಚೇಂದ್ರ ಇಂಗ್ಲಿಷಿನಲ್ಲಿ. ವ್ಯಾಕರಣ ಎಲ್ಲಿಯೂ ತಪ್ಪಿರಲಿಲ್ಲ.

ಗಿರಿಜಾಬಾಯಿ ಅವನ ಅಂಗಿಯ ತೋಳು ಹಿಡಿದಳು. "ಆ ಮೇಡಂ ಬಾಯಿಗಿ ನನ್ನ ಎದಿ ನೋಡಂತ ಹೇಳೋ."

ಮೇಡಂ ಅವನತ್ತ ನೋಡಿದರು. ಅನೀಲಕುಮಾರನೂ ನೋಡಿದ.

"ಹೃದಯದಾಳದಿಂದ ನಿಮಗೆ ಧನ್ಯವಾದ ಹೇಳುತ್ತಿದ್ದಾರೆ," ಎಂದ ಮಚ್ಚೇಂದ್ರ.

ಮೇಡಂ ಅವರ ಕಣ್ಣುಗಳು ಒದ್ದೆಯಾದವು. ಮುದುಕಿಯ ಕೈ ಹಿಡಿದುಕೊಂಡರು. ಕೈ ತಣ್ಣಗಿದೆ, ಎ.ಸಿ. ಸ್ವಲ್ಪ ಕಡಿಮೆ ಮಾಡಿ ಎಂದರು. ಕಡಿಮೆ ಮಾಡಲಾಯಿತು. ಬಸವಕಲ್ಯಾಣದ ಶಾಖೆ ಬಹುತೇಕ ಅಲ್ಲಿಯೇ ಮಂಜೂರಾಯಿತು.

ಅವರು ಮುಂದಿನ ಕೋಣೆಗೆ ಸರಿದಾಗ ಅತ್ತೆಯ ಹಣೆಯ ಮೇಲೆ ಬೆವರು ಮೂಡಿತ್ತು. ಮಚ್ಚೇಂದ್ರ ಓಡಿಹೋಗಿ ಅನೀಲಕುಮಾರನನ್ನು ಬದಿಗೆ ಕರೆದ.

"ಆಂಬ್ಯುಲೆನ್ಸ್ ಬೇಕ್ರಿ. ಅತ್ತಿಗಿ ಖರೇನೇ ತ್ರಾಸ ಆಗಾಕತ್ತೈತ್ರಿ."

"ಅದು ಮೇಡಂ ಅವರ ಊಟ ತರಾಕ ಹೋಗೇತಿ."

"ಆಟೋದಾಗ ಸರ್ಕಾರಿ ದವಾಖಾನಿಗಿ ಒಯ್ತೀನ್ರಿ."

"ಇವರ ಕಣ್ಣ ಮುಂದ?" ಅನೀಲಕುಮಾರ ನಕ್ಕ. "ನಮ್ಮ ಮಂಚದ ಮ್ಯಾಲಿಂದ ಅಲ್ಲಿಗಿ? ಅರ್ಧಾ ತಾಸು ತಡೀರಿ. ನೀವು ಓದಿದವರು."

ಓದಿದವನು ತಡೆದ. ಅತ್ತೆಯ ಪಕ್ಕ ಕುಳಿತು ಅವಳ ಅಂಗೈ ಉಜ್ಜಿದ. ಎಂಟನೆಯ ಮಂಚದ ಲಲಿತಾಬಾಯಿ, "ಊಟ ಯಾವಾಗ್ರಿ?" ಎಂದಳು.

ಕಾರುಗಳು ಹೊರಟ ಮೇಲೆ ಅವನು ಅತ್ತೆಯನ್ನು ಎತ್ತಿಕೊಂಡೇ ಹೊರಗೆ ಬಂದ. ಇಷ್ಟು ಹಗುರವಿದ್ದಾಳೆಂದು ಅವನಿಗೆ ಗೊತ್ತಿರಲಿಲ್ಲ. ಆಟೋದ ಜಲಾಲುದ್ದೀನ್ ಒಮ್ಮೆ ಅವಳ ಮುಖವನ್ನೂ ಒಮ್ಮೆ ಹಿಂದಿನ ಗಾಜಿನ ಕಟ್ಟಡವನ್ನೂ ನೋಡಿದ.

"ಇದೇ ದವಾಖಾನಿ ಅಲ್ಲೇನ್ರಿ?"

"ನೀ ನಡಿ."

ಆಟೋ ಹತ್ತು ಮಾರು ಹೋಗಿ ನಿಂತಿತು. ಹೆದ್ದಾರಿಯ ತುಂಬ ಆಡುಗಳು ದಾಟುತ್ತಿದ್ದವು. ಜಲಾಲುದ್ದೀನ್ ಹಾರ್ನ್ ಒತ್ತುತ್ತಲೇ ಇದ್ದ. ಹೆಗಲ ಮೇಲಿದ್ದ ಅತ್ತೆಯ ತಲೆ ಭಾರವಾಗುತ್ತಿತ್ತು. ಮಚ್ಚೇಂದ್ರ ಅವಳತ್ತ ನೋಡಲಾರದೆ ಹಿಂದೆ ನೋಡಿದ.

ಹಿಂಡು ತಪ್ಪಿದ ಆಡೊಂದು ಆಸ್ಪತ್ರೆಯ ಮೆಟ್ಟಿಲೇರಿ ನಿಂತಿತು. ಗಾಜಿನ ಬಾಗಿಲು ತಾನಾಗಿ ಎರಡೂ ಕಡೆ ಸರಿಯಿತು. ಆ ಸದ್ದಿಗೆ ಕಾವಲುಗಾರ, ಮೊಬೈಲಿನಿಂದ ಕಣ್ಣೆತ್ತದೆಯೇ, ಎದ್ದು ಸಲಾಮು ಹೊಡೆದ. ಆಡು ಒಳಗೆ ಹೋಯಿತು.