ಸೇರಿಗೊಂದು ಹಿಡಿ

ನನ್ನ ಕರುಳಿಗೆ ಗೋಧಿ ಆಗದು. ಕಾಯಿಲೆಯ ಹೆಸರು ಸೀಲಿಯಾಕ್. ಚಪಾತಿ, ಬನ್ನು, ರವೆ ಉಪ್ಪಿಟ್ಟು, ಮದುವೆ ಮನೆಯ ಒಬ್ಬಟ್ಟು ಎಲ್ಲ ಬಿಟ್ಟು ವರ್ಷದ ಮೇಲಾಗಿತ್ತು. ಆದರೂ ಹೊಟ್ಟೆಯುಬ್ಬರ ನಿಲ್ಲಲಿಲ್ಲ, ಕೂದಲುದುರುವುದು ನಿಲ್ಲಲಿಲ್ಲ, ಎರಡನೇ ಬಸಿರೂ ಉಳಿಯಲಿಲ್ಲ. ಈ ಸಲ ರಕ್ತದ ರಿಪೋರ್ಟು ಹಿಡಿದು ಶಿಡ್ಲಘಟ್ಟದಿಂದ ಚಿಕ್ಕಬಳ್ಳಾಪುರದ ಆಸ್ಪತ್ರೆಗೆ ಬಂದಾಗ ನನಗೆ ಬೇಕಿದ್ದದ್ದು ಒಂದೇ ಮಾತು: ವಾಸಿಯಾಗ್ತಿದೆ, ಇನ್ನು ಮಗುವಿನ ಯೋಚನೆ ಮಾಡಬಹುದು.

ಜಂಗಮಕೋಟೆಯಿಂದ ಅಮ್ಮನೂ ಬಂದಿದ್ದಳು, ಕೈಯಲ್ಲಿ ರಾಗಿಹಿಟ್ಟಿನ ಚೀಲ. ನಮ್ಮ ಹೊಲದ ರಾಗಿಯನ್ನು ತೊಳೆದು ಒಣಗಿಸಿ, ನನಗೋಸ್ಕರವೇ ಕೊಂಡ ಪುಟ್ಟ ಗಿರಣಿಯಲ್ಲಿ ಮನೆಯಲ್ಲೇ ಬೀಸಿ ತರುತ್ತಿದ್ದಳು. ನಾನು ಕಣ್ಣುಮುಚ್ಚಿ ಉಣ್ಣುತ್ತಿದ್ದ ಊಟ ಅದೊಂದೇ.

ಶನಿವಾರ ಮಾತ್ರ ಬರುವ ಸ್ಪೆಷಲಿಸ್ಟ್ ಡಾಕ್ಟರ್ ಹರಿಣಿ ರಿಪೋರ್ಟು ನೋಡಿ ಕನ್ನಡಕ ತೆಗೆದರು.

"ಸೌಜನ್ಯ, ಕಾಯಿಲೆ ಅಂಶ ಏನೂ ಇಳಿದಿಲ್ಲ. ಎಲ್ಲೋ ಗೋಧಿ ಒಳಗೆ ಹೋಗ್ತಿದೆ."

"ಕಣ್ಣೆತ್ತಿ ಕೂಡ ನೋಡಿಲ್ಲ ಡಾಕ್ಟ್ರೇ."

"ಅತ್ತೆ ಮನೇಲಿ ಯಾವ ಪಾತ್ರೇಲಿ ಏನು ಕಲಸ್ತಾರೋ, ಯಾರು ಕಂಡ್ರು ಮೇಡಂ," ಎಂದಳು ಅಮ್ಮ.

ಈ ಮಾತು ಹೊಸದಲ್ಲ. ಇದನ್ನು ಕೇಳಿ ಕೇಳಿಯೇ ನಾನು ಅತ್ತೆ ಬಡಿಸಿದ್ದನ್ನು ಮುಟ್ಟುವುದು ಬಿಟ್ಟಿದ್ದೆ. ಅತ್ತೆ ಅಡುಗೆಮನೆಗೆ ಗೋಧಿ ಸೋಕದಂತೆ, ತಮ್ಮ ಮಗನ ಚಪಾತಿಯನ್ನು ಹಿತ್ತಲ ಒಲೆಯ ಮೇಲೆ ಸುಡತೊಡಗಿದ್ದರು.

"ಊಟದಲ್ಲಿ ಗೋಧಿ ಇಲ್ಲ ಅಂದ್ರೆ ಇದು ಬೇರೆ ಥರದ ಕಾಯಿಲೆ," ಎಂದರು ಡಾಕ್ಟರ್. "ಮತ್ತೆ ಎಂಡೋಸ್ಕೋಪಿ ಮಾಡ್ಬೇಕು. ಸ್ಟಿರಾಯ್ಡ್ ಶುರು ಮಾಡ್ಬೇಕಾಗಬಹುದು." ಅಷ್ಟರಲ್ಲಿ ಅವರ ಕಣ್ಣು ಚೀಲದ ಮೇಲೆ ಬಿತ್ತು. "ರಾಗಿಹಿಟ್ಟಾ ಅಮ್ಮ? ನಮ್ದೂ ಚಿಂತಾಮಣಿ ಕಡೆ. ನಮ್ಮಮ್ಮ ರಾಗಿ ಜೊತೆ ಏನೇನೋ ಸೇರಿಸಿ ಬೀಸೋರು. ನೀವು?"

ಅಮ್ಮನ ಮುಖ ಅರಳಿತು. "ನಾವೂ ಅಷ್ಟೇ ಮೇಡಂ. ಸೇರಿಗೊಂದು ಹಿಡಿ ಗೋಧಿ. ಬರೀ ರಾಗಿ ತಿಂದ್ರೆ ಮೈ ಹಿಡಿಯಲ್ಲ."

ಮರೆತು ಹಾಕಿರಬೇಕು ಅಂದುಕೊಂಡೆ. ಮರೆತೇ ಹಾಕಿರಲಿ ದೇವರೇ ಅಂದುಕೊಂಡೆ.

"ಗೋಧಿ ನಂಗೆ ವಿಷ ಅಂತ ನಿಂಗೆ ಗೊತ್ತಿರ್ಲಿಲ್ವಾ?"

"ಗೊತ್ತಿತ್ತು ಕಣೇ. ಅದಕ್ಕೇ ಒಂದೇ ಹಿಡಿ ಹಾಕಿದ್ದು. ಸ್ವಲ್ಪ ಸ್ವಲ್ಪ ತಿಂತಿದ್ರೆ ಮೈಗೆ ರೂಢಿಯಾಗುತ್ತೆ. ಏಮೀ ಕಾದುಲೇ, ಏನೂ ಆಗಲ್ಲ."

ನನ್ನಮ್ಮ ರಾಮಲಕ್ಷ್ಮಮ್ಮ ರೇಷ್ಮೆ ಹುಳು ಸಾಕುವವಳು. ಒದ್ದೆ ಸೊಪ್ಪು ತಿಂದರೆ ಹುಳು ಸಾಯುತ್ತವೆಂದು ಮಳೆ ಬಂದ ದಿನ ಎಲೆ ಎಲೆಯನ್ನೂ ಒರೆಸುತ್ತಾಳೆ. ಕೈಕಾಲು ತೊಳೆಯದವರನ್ನು ಹುಳುಮನೆಯ ಹೊಸ್ತಿಲು ದಾಟಲು ಬಿಡುವುದಿಲ್ಲ. ಹುಳುವಿಗೆ ಒಂದಿಷ್ಟು ಒದ್ದೆ ಸೊಪ್ಪು ಹಾಕಿ ರೂಢಿ ಮಾಡಿಸೋಣ ಅಂತ ಅವಳಿಗೆ ಒಂದು ದಿನವೂ ಅನ್ನಿಸಿಲ್ಲ. ನನ್ನ ಕರುಳಿಗೆ ಆ ಹುಳುವಿನಷ್ಟೂ ಬೆಲೆ ಇರಲಿಲ್ಲ. ನಾನು ವಾಂತಿ ಮಾಡುವಾಗ ತಲೆ ಹಿಡಿದವಳು ಅವಳೇ. ಬಸಿರು ಹೋದಾಗ ಪಕ್ಕದಲ್ಲಿ ಕೂತು ಅತ್ತವಳೂ ಅವಳೇ, ಮಾರನೇ ದಿನ ಇದೇ ಹಿಟ್ಟಿನ ಗಂಜಿ ಕುಡಿಸಿದವಳೂ ಅವಳೇ.

"ಮತ್ತೆ ಅತ್ತೆ ಮೇಲೆ ಯಾಕೆ ಹಾಕ್ದೆ?" ಅಂದೆ.

ಅಮ್ಮ ಸೆರಗಿನಿಂದ ಚೀಲದ ಮೇಲಿನ ಹಿಟ್ಟು ಒರೆಸತೊಡಗಿದಳು.

ಡಾಕ್ಟರ್ ಸ್ಟಿರಾಯ್ಡ್ ಬೇಡವೆಂದರು. "ಈ ಹಿಟ್ಟು ಬಿಟ್ಟು ಆರು ತಿಂಗಳಾದ್ಮೇಲೆ ಮತ್ತೆ ರಕ್ತ ನೋಡಣ. ಅಲ್ಲೀವರೆಗೂ ಮಗು ಬೇಡಮ್ಮ."

ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಅಮ್ಮ ಸ್ಟೀಲ್ ಡಬ್ಬಿ ತೆಗೆದಳು. "ಬೆಳಗ್ಗಿಂದ ಏನೂ ತಿಂದಿಲ್ಲ ನೀನು. ಬರೀ ಅನ್ನ, ಮೊಸರು, ಉಪ್ಪು. ನಿನ್ನಾಣೆ ಕಣೇ."

ನಿಜವೇ ಇದ್ದೀತು. ಹಸಿವಿಗೆ ಕಣ್ಣು ಕತ್ತಲೆ ಬರುತ್ತಿತ್ತು. ಆದರೂ ಡಬ್ಬಿಗೆ ಬಗ್ಗಿ, ಪರರ ಮನೆಯ ಊಟ ನೋಡುವಂತೆ ನೋಡಿದೆ. ಕೈ ಮುಂದೆ ಹೋಗಲಿಲ್ಲ. ಅಲ್ಲೇ ಕೂತು ಅತ್ತೆಗೆ ಫೋನು ಮಾಡಿದೆ.

"ಅತ್ತೆ, ಬಸ್ ಹತ್ತುತ್ತಿದ್ದೀನಿ. ನಂಗೂ ಸೇರಿಸಿ ಅನ್ನಕ್ಕಿಡಿ."

"ನಾನು ಮಾಡಿದ್ದು ತಿಂತೀಯೇನಮ್ಮ?"

"ತಿಂತೀನಿ."

ಅಮ್ಮ ಡಬ್ಬಿಯ ಮುಚ್ಚಳ ಹಾಕಿ, ಹಿಟ್ಟಿನ ಚೀಲವನ್ನು ತನ್ನ ಕಡೆಗೆ ಎಳೆದುಕೊಂಡಳು.